ಮೆಲ್ಬರ್ನ್ ನಗರಕೇಂದ್ರದ ಪುನಶ್ಚೇತನ

ಮೆಲ್ಬರ್ನ್ ನಗರಕೇಂದ್ರದ ಪುನಶ್ಚೇತನ ಎಂಬುದು ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದ ರಾಜಧಾನಿಯಾದ ಮೆಲ್ಬರ್ನ್‌ನ ಕೇಂದ್ರ ವಾಣಿಜ್ಯ ಪ್ರದೇಶವನ್ನು ಕಚೇರಿಯ ವೇಳೆ ಮುಗಿದ ಮೇಲೂ ಜನರು ನಡೆದಾಡುವ ಹಾಗೂ ವಾಸಿಸುವ ಸ್ಥಳವನ್ನಾಗಿ ಮಾರ್ಪಡಿಸಲು 1980ರ ದಶಕದಿಂದ ಈಚೆಗೆ ಕೈಗೊಂಡ ಕಾನೂನು ಸುಧಾರಣೆ, ವಸತಿ ನೀತಿ ಮತ್ತು ಬೀದಿ ಕಾಮಗಾರಿಗಳಿಗೆ ಒಟ್ಟಾಗಿ ಸಲ್ಲುವ ಹೆಸರು. ಹಗಲಿನಲ್ಲಿ ಕಿಕ್ಕಿರಿದು ಸಂಜೆಯಾಗುತ್ತಲೇ ಬರಿದಾಗುವುದು ಜಗತ್ತಿನ ಅನೇಕ ವಾಣಿಜ್ಯ ಕೇಂದ್ರಗಳ ಸಮಸ್ಯೆಯಾಗಿರುವುದರಿಂದ, ನಗರ ಯೋಜನೆಯ ಅಧ್ಯಯನದಲ್ಲಿ ಮೆಲ್ಬರ್ನ್‌ನ ಉದಾಹರಣೆಯನ್ನು ಪದೇ ಪದೇ ಚರ್ಚಿಸಲಾಗುತ್ತದೆ. ಈ ಬದಲಾವಣೆ ಯಾವುದೇ ಒಂದು ಬೃಹತ್ ಯೋಜನೆಯಿಂದಾದುದಲ್ಲ. ಮದ್ಯ ಪರವಾನಗಿಯ ನಿಯಮ, ಖಾಲಿ ಬಿದ್ದ ಕಚೇರಿ ಕಟ್ಟಡಗಳು, ಪಾದಚಾರಿ ಮಾರ್ಗದ ಕಲ್ಲುಹಾಸು, ಹಿತ್ತಿಲ ಓಣಿಗಳು ಮುಂತಾದ ಬಿಡಿ ಬಿಡಿ ಸಂಗತಿಗಳನ್ನು ಎರಡು ದಶಕಗಳ ಕಾಲ ಬಿಡದೆ ತಿದ್ದಿದ್ದರ ಫಲವಿದು.

ಭೂವಿನ್ಯಾಸ

ನಗರಕೇಂದ್ರದ ಬೀದಿಗಳನ್ನು 1837ರಲ್ಲಿ ಭೂಮಾಪಕ ರಾಬರ್ಟ್ ಹಾಡಲ್ ಚೌಕಳಿಯಾಗಿ ಗುರುತಿಸಿದನು. ಇಂದಿಗೂ ಈ ಪ್ರದೇಶವನ್ನು ‘ಹಾಡಲ್ ಗ್ರಿಡ್’ ಎಂದೇ ಕರೆಯುತ್ತಾರೆ. ಇದರ ಉದ್ದ ಸುಮಾರು 1.6 ಕಿ.ಮೀ., ಅಗಲ ಅದರ ಅರ್ಧ. ಅಂದರೆ ಒಂದು ತುದಿಯಿಂದ ಇನ್ನೊಂದು ತುದಿಯನ್ನು ಅರ್ಧ ಗಂಟೆಯೊಳಗೆ ನಡೆದೇ ತಲುಪಬಹುದು. ಮುಖ್ಯ ಬೀದಿಗಳ ಅಗಲ 99 ಅಡಿ. ಅವುಗಳ ನಡುವೆ ಪೂರ್ವ–ಪಶ್ಚಿಮವಾಗಿ 33 ಅಡಿಯ ಕಿರುಬೀದಿಗಳಿದ್ದು, ಲಿಟಲ್ ಕಾಲಿನ್ಸ್, ಲಿಟಲ್ ಬರ್ಕ್ ಎಂಬಂತೆ ಪಕ್ಕದ ದೊಡ್ಡ ಬೀದಿಯ ಹೆಸರಿಗೆ ‘ಲಿಟಲ್’ ಎಂಬುದನ್ನು ಸೇರಿಸಿ ಇವುಗಳಲ್ಲಿ ಹೆಚ್ಚಿನವನ್ನು ಕರೆಯಲಾಗುತ್ತದೆ. ದೊಡ್ಡ ಬೀದಿಯ ಕಟ್ಟಡಗಳಿಗೆ ಹಿಂಬದಿಯಿಂದ ಸರಕು ಸಾಗಿಸುವ ದಾರಿಯಾಗಬೇಕೆಂಬುದು ಇವುಗಳ ಮೂಲ ಉದ್ದೇಶ.

1851ರಲ್ಲಿ ವಿಕ್ಟೋರಿಯಾದಲ್ಲಿ ಚಿನ್ನ ದೊರೆತ ಬಳಿಕ ಜನಸಂಖ್ಯೆ ಒಮ್ಮೆಲೇ ಏರಿ, ನಿವೇಶನಗಳು ತುಂಡು ತುಂಡಾಗಿ ಮಾರಾಟವಾದವು. ಒಳಗಿನ ತುಂಡುಗಳಿಗೆ ದಾರಿ ಬಿಡಬೇಕಾದುದರಿಂದ ಹತ್ತಾರು ಓಣಿಗಳು ಹುಟ್ಟಿಕೊಂಡವು. ರಾಯಲ್ ಆರ್ಕೇಡ್ (1870) ಮತ್ತು ಅದಕ್ಕೆ ಎರಡು ದಶಕಗಳ ನಂತರ ಬಂದ ಬ್ಲಾಕ್ ಆರ್ಕೇಡ್‌ನಂತಹ ಚಾವಣಿಯುಳ್ಳ ಅಂಗಡಿ ಸಾಲುಗಳೂ ಇದೇ ಬಗೆಯ ಒಳದಾರಿಗಳು. ನೂರು ವರ್ಷಗಳ ಕಾಲ ಕಸದ ತೊಟ್ಟಿ ಇಡುವುದಕ್ಕಷ್ಟೇ ಯೋಗ್ಯವೆನಿಸಿಕೊಂಡಿದ್ದ ಈ ಓಣಿಗಳೇ ಮುಂದೆ ನಗರದ ಹೆಗ್ಗುರುತಾದವು. ಯೋಜಕರು ಕೆಡವಲು ಮರೆತದ್ದರಿಂದ ಉಳಿದುಕೊಂಡವು ಎಂದರೂ ತಪ್ಪಾಗಲಾರದು.

ಸಂಜೆ ಬರಿದಾಗುತ್ತಿದ್ದ ನಗರ

ವಿಕ್ಟೋರಿಯಾದಲ್ಲಿ 1916ರಿಂದ 1966ರವರೆಗೆ, ಅಂದರೆ ಅರ್ಧ ಶತಮಾನ, ಪಬ್‌ಗಳು ಸಂಜೆ ಆರು ಗಂಟೆಗೆ ಮುಚ್ಚಬೇಕಿತ್ತು. ಮೊದಲ ಮಹಾಯುದ್ಧದ ಕಾಲದ ಮಿತವ್ಯಯದ ಕ್ರಮವಾಗಿ, ಮದ್ಯವಿರೋಧಿ ಚಳವಳಿಯ ಒತ್ತಾಯದಿಂದ ಬಂದ ಈ ಕಾನೂನು ಉದ್ದೇಶಕ್ಕೆ ವಿರುದ್ಧವಾದ ಪರಿಣಾಮವನ್ನೇ ಉಂಟುಮಾಡಿತು. ಐದಕ್ಕೆ ಕಚೇರಿ ಬಿಟ್ಟವರು ಒಂದು ಗಂಟೆಯೊಳಗೆ ಆದಷ್ಟು ಕುಡಿದು ಆರಕ್ಕೆ ಬೀದಿಗೆ ಬೀಳುವ ಪದ್ಧತಿ ಬೆಳೆಯಿತು. ಆಮೇಲೆ ನಗರದಲ್ಲಿ ನಿಲ್ಲಲು ಕಾರಣವೇ ಇರಲಿಲ್ಲ.

ಎರಡನೆಯ ಮಹಾಯುದ್ಧದ ನಂತರ ಕಾರಿನ ಬಳಕೆ ಹೆಚ್ಚಿ ಕುಟುಂಬಗಳು ಉಪನಗರಗಳಿಗೆ ಹರಡಿಕೊಂಡವು. 1960ರಲ್ಲಿ ಚಾಡ್‌ಸ್ಟೋನ್ ಎಂಬಲ್ಲಿ ವಿಶಾಲವಾದ ಕಾರು ನಿಲುಗಡೆಯುಳ್ಳ ಖರೀದಿ ಮಳಿಗೆ ಸಮುಚ್ಚಯ ತೆರೆಯಿತು. ಅಂಗಡಿಗಾಗಿ ನಗರಕ್ಕೆ ಬರಬೇಕಾದ ಅಗತ್ಯವೂ ಹೀಗೆ ಕಡಿಮೆಯಾಯಿತು. ನಗರಕೇಂದ್ರದಲ್ಲಿ ಹಳೆಯ ಕಟ್ಟಡಗಳನ್ನು ಕೆಡವಿ, ಬೀದಿಯಿಂದ ಹಿಂದೆ ಸರಿದು ನಿಂತ ಕಚೇರಿ ಗೋಪುರಗಳನ್ನು ಕಟ್ಟಲಾಯಿತು. ಅವುಗಳ ಮುಂದಿನ ಕಲ್ಲಂಗಳದಲ್ಲಿ ಸಂಜೆ ಆರರ ನಂತರ ಗಾಳಿಯ ಹೊರತು ಬೇರೇನೂ ಇರುತ್ತಿರಲಿಲ್ಲ. ನಡುವೆ ತೂತು, ಸುತ್ತ ತಿರುಳು ಇರುವ ‘ಡೋನಟ್’ ತಿಂಡಿಗೆ ನಗರವನ್ನು ಹೋಲಿಸುವುದು ರೂಢಿಯಾಯಿತು. ನಮ್ಮ ಉದ್ದಿನ ವಡೆಯ ಆಕಾರವನ್ನು ನೆನೆದರೆ ಈ ಹೋಲಿಕೆ ಸುಲಭವಾಗಿ ಅರ್ಥವಾಗುತ್ತದೆ.

ಇದೇ ಪರಿಸ್ಥಿತಿಯನ್ನು ಅಮೆರಿಕದ ಲೇಖಕಿ ಜೇನ್ ಜೇಕಬ್ಸ್ 1961ರ ತಮ್ಮ ಪ್ರಸಿದ್ಧ ಗ್ರಂಥದಲ್ಲಿ ನ್ಯೂಯಾರ್ಕಿನ ವಾಲ್ ಸ್ಟ್ರೀಟ್ ಪ್ರದೇಶವನ್ನು ಮುಂದಿಟ್ಟುಕೊಂಡು ವಿಶ್ಲೇಷಿಸಿದ್ದರು. ಎಲ್ಲರೂ ಒಂದೇ ಕೆಲಸಕ್ಕೆ ಒಂದೇ ವೇಳೆಯಲ್ಲಿ ಬಂದು ಒಂದೇ ವೇಳೆಯಲ್ಲಿ ಹೋಗುವ ಕಡೆ ಹೋಟೆಲು, ಅಂಗಡಿಗಳು ಬದುಕಲಾರವು. ಬೇರೆ ಬೇರೆ ವೇಳೆಯಲ್ಲಿ ಬೇರೆ ಬೇರೆ ಕಾರಣಕ್ಕೆ ಜನರು ಬರುವಂತಿದ್ದರೆ ಮಾತ್ರ ಬೀದಿ ಜೀವಂತವಾಗಿ, ಸುರಕ್ಷಿತವಾಗಿ ಇರುತ್ತದೆ ಎಂಬುದು ಅವರ ವಾದದ ಸಾರ. ಮೆಲ್ಬರ್ನ್‌ನಲ್ಲಿ ಮುಂದೆ ನಡೆದುದು ಬಹುಮಟ್ಟಿಗೆ ಈ ವಾದದ ಪ್ರಯೋಗ.

ಮದ್ಯ ಪರವಾನಗಿಯ ಸುಧಾರಣೆ

ರಾಜ್ಯ ಸರ್ಕಾರವು ಅರ್ಥಶಾಸ್ತ್ರಜ್ಞ ಜಾನ್ ನ್ಯೂವೆನ್‌ಹೌಸನ್ ಅವರಿಗೆ ಮದ್ಯ ಕಾನೂನಿನ ಪರಿಶೀಲನೆಯನ್ನು ಒಪ್ಪಿಸಿತ್ತು. 1986ರಲ್ಲಿ ಬಂದ ಅವರ ವರದಿಯನ್ನು ಆಧರಿಸಿ 1987ರಲ್ಲಿ ಹೊಸ ಕಾಯಿದೆ ರೂಪುಗೊಂಡಿತು. ಕೆಲವೇ ದೊಡ್ಡ ಪಬ್‌ಗಳಲ್ಲಿ ಜನರನ್ನು ತುಂಬುವ ಬದಲು, ಊಟ ತಿಂಡಿಯೊಡನೆ ಸಾವಧಾನವಾಗಿ ಕುಡಿಯಬಹುದಾದ ಅನೇಕ ಸಣ್ಣ ಸ್ಥಳಗಳಿದ್ದರೆ ಕುಡಿತದ ಹಾವಳಿ ತಗ್ಗುತ್ತದೆ ಎಂಬುದು ಅದರ ತರ್ಕ. ಮದ್ಯ ದೊರೆಯುವ ಸ್ಥಳಗಳನ್ನು ಹೆಚ್ಚಿಸಿದರೆ ಹಾವಳಿ ಹೇಗೆ ತಗ್ಗೀತು ಎಂಬ ಆಕ್ಷೇಪ ಆಗಲೂ ಇತ್ತು; ಇಂದಿಗೂ ವೈದ್ಯಕೀಯ ವಲಯದಿಂದ ಕೇಳಿಬರುತ್ತದೆ. ಅದನ್ನು ತಳ್ಳಿಹಾಕುವಂತಿಲ್ಲ.

ನಗರದ ದೃಷ್ಟಿಯಿಂದ ಮುಖ್ಯವಾದುದು ಬೇರೊಂದು ಅಂಶ. ಸಣ್ಣ ಪರವಾನಗಿಯ ವೆಚ್ಚ ಕಡಿಮೆಯಾದುದರಿಂದ ಹೆಚ್ಚು ಬಂಡವಾಳವಿಲ್ಲದವರೂ ಮಳಿಗೆ ತೆರೆಯುವಂತಾಯಿತು. ಅವರಿಗೆ ಬೇಕಿದ್ದುದು ಅಗ್ಗದ ಬಾಡಿಗೆ. ಅದು ದೊರೆಯುತ್ತಿದ್ದುದು ಯಾರಿಗೂ ಬೇಡವಾದ ಓಣಿಗಳಲ್ಲಿ. 1994ರಲ್ಲಿ ಮೇಯರ್ಸ್ ಪ್ಲೇಸ್ ಎಂಬ ಓಣಿಯಲ್ಲಿ ಅದೇ ಹೆಸರಿನ ಪುಟ್ಟ ಬಾರ್ ಆರಂಭವಾಯಿತು. ವಾಸ್ತುಶಿಲ್ಪಿಗಳ ತಂಡವೊಂದು ಹಿಂದೆ ನಿಂತು ರೂಪಿಸಿದ ಈ ಬಾರ್ ಓಣಿಯ ಬಾರ್‌ಗಳ ಪರಂಪರೆಗೆ ನಾಂದಿಯೆಂದು ಪರಿಗಣಿತವಾಗಿದೆ. ಡಿಗ್ರೇವ್ಸ್ ಸ್ಟ್ರೀಟ್, ಸೆಂಟರ್ ಪ್ಲೇಸ್, ಹಾರ್ಡ್‌ವೇರ್ ಲೇನ್ ಮೊದಲಾದೆಡೆ ಕಾಫಿ ಅಂಗಡಿಗಳೂ ಸಣ್ಣ ಭೋಜನಶಾಲೆಗಳೂ ಸಾಲುಗಟ್ಟಿದವು.

ವಾಸದ ಮನೆಗಳು: ಪೋಸ್ಟ್‌ಕೋಡ್ 3000

ಕುಡಿಯಲು, ಉಣ್ಣಲು ಬರುವವರು ಮಧ್ಯರಾತ್ರಿಯ ಹೊತ್ತಿಗೆ ಹೊರಟುಹೋಗುತ್ತಾರೆ. ಬೆಳಿಗ್ಗೆ ಹಾಲು ಕೊಳ್ಳುವವರು, ಸಂಜೆ ನಾಯಿಯನ್ನು ಅಡ್ಡಾಡಿಸುವವರು, ಭಾನುವಾರ ಔಷಧದಂಗಡಿ ಹುಡುಕುವವರು ಇದ್ದರೆ ಮಾತ್ರ ಅದು ಊರಾಗುತ್ತದೆ. ಈ ತಿಳಿವಳಿಕೆ ನಗರಾಡಳಿತದ 1985ರ ಯೋಜನಾ ದಾಖಲೆಯಲ್ಲೇ ಕಾಣುತ್ತದೆ. 1980ರ ದಶಕದಿಂದ ನಗರಾಡಳಿತದಲ್ಲಿದ್ದು ನಗರ ವಿನ್ಯಾಸ ವಿಭಾಗದ ಹೊಣೆ ಹೊತ್ತ ರಾಬ್ ಆಡಮ್ಸ್ ಮೂರು ದಶಕಗಳಿಗೂ ಮಿಕ್ಕಿ ಇದನ್ನು ಮುಂದುವರಿಸಿಕೊಂಡು ಬಂದರು. ಆಡಳಿತಗಳು ಬದಲಾದರೂ ಅಧಿಕಾರಿ ಬದಲಾಗದೆ ಉಳಿದದ್ದು ಈ ಕಥೆಯಲ್ಲಿ ಸಣ್ಣ ಸಂಗತಿಯಲ್ಲ.

1990ರ ದಶಕದ ಆರಂಭದ ಆರ್ಥಿಕ ಹಿಂಜರಿತ ವಿಕ್ಟೋರಿಯಾವನ್ನು ತೀವ್ರವಾಗಿ ತಟ್ಟಿತು. ರಾಜ್ಯದ ಸ್ವಂತ ಬ್ಯಾಂಕೇ ಕುಸಿದು ಮಾರಾಟವಾಯಿತು. ಹಳೆಯ ಕಚೇರಿ ಕಟ್ಟಡಗಳಿಗೆ ಬಾಡಿಗೆದಾರರು ಸಿಗದಾದರು. 1992ರಲ್ಲಿ ಆರಂಭವಾದ ‘ಪೋಸ್ಟ್‌ಕೋಡ್ 3000’ ಯೋಜನೆ ಈ ಸಂಕಟವನ್ನೇ ಅವಕಾಶವಾಗಿ ಬಳಸಿಕೊಂಡಿತು. 3000 ಎಂಬುದು ನಗರಕೇಂದ್ರದ ಅಂಚೆ ಸಂಖ್ಯೆ. ಖಾಲಿ ಕಚೇರಿ, ಗೋದಾಮುಗಳನ್ನು ಮನೆಗಳಾಗಿ ಮಾರ್ಪಡಿಸುವವರಿಗೆ ಶುಲ್ಕದಲ್ಲಿ ರಿಯಾಯಿತಿ, ತಾಂತ್ರಿಕ ಸಲಹೆ, ಕಟ್ಟಡದ ಮುಂದಿನ ಬೀದಿಯ ಸುಧಾರಣೆ ಮೊದಲಾದ ನೆರವನ್ನು ನಗರಾಡಳಿತ ನೀಡಿತು. ಇದರ ಜೊತೆಗೆ, ಕಚೇರಿ ಪ್ರದೇಶದಲ್ಲಿ ಯಾರು ತಾನೇ ಸಂಸಾರ ಹೂಡುತ್ತಾರೆ ಎಂಬ ಬ್ಯಾಂಕು ಮತ್ತು ಕಟ್ಟಡ ಉದ್ಯಮಿಗಳ ಅನುಮಾನವನ್ನು ಹೋಗಲಾಡಿಸಲು ಪ್ರಚಾರವನ್ನೂ ಕೈಗೊಂಡಿತು.

ಫಲ ನಿರೀಕ್ಷೆಯನ್ನು ಮೀರಿತು. ಯೋಜನೆಯ ಆರಂಭದಲ್ಲಿ ಸುಮಾರು 1,000ದಷ್ಟಿದ್ದ ಮನೆಗಳ ಸಂಖ್ಯೆ 2002ರ ಹೊತ್ತಿಗೆ 9,000ವನ್ನು ದಾಟಿತ್ತು. ನಗರದೊಳಗೇ ಇರುವ ಆರ್‌ಎಂಐಟಿ ವಿಶ್ವವಿದ್ಯಾಲಯ ಹಾಗೂ ಸಮೀಪದ ಮೆಲ್ಬರ್ನ್ ವಿಶ್ವವಿದ್ಯಾಲಯಕ್ಕೆ ಹೊರದೇಶಗಳಿಂದ ಬಂದ ವಿದ್ಯಾರ್ಥಿಗಳು ಈ ಹೊಸ ನಿವಾಸಿಗಳಲ್ಲಿ ದೊಡ್ಡ ಭಾಗವಾದರು. ರಾತ್ರಿ ಹತ್ತಕ್ಕೂ ತೆರೆದಿರುವ ದಿನಸಿ ಅಂಗಡಿ, ನೂಡಲ್ಸ್ ಮಳಿಗೆಗಳು ನಡೆಯುತ್ತಿರುವುದು ಹೆಚ್ಚಾಗಿ ಇವರಿಂದ.

ಬೀದಿಗಳು ಮತ್ತು ಓಣಿಗಳು

1985ರಲ್ಲಿ ರಾಜ್ಯದ ಸ್ಥಾಪನೆಯ 150ನೇ ವರ್ಷಾಚರಣೆಯ ಅಂಗವಾಗಿ ನಗರದ ಬೆನ್ನೆಲುಬಾದ ಸ್ವಾನ್‌ಸ್ಟನ್ ಸ್ಟ್ರೀಟ್‌ಗೆ ಒಂದು ವಾರಾಂತ್ಯ ಹುಲ್ಲು ಹಾಸಿ ವಾಹನಗಳನ್ನು ನಿಲ್ಲಿಸಲಾಯಿತು. ಅಪಾರ ಜನಸ್ತೋಮ ಸೇರಿತು. ವಾಹನವಿಲ್ಲದ ಬೀದಿ ಹೇಗಿರಬಹುದೆಂಬುದನ್ನು ನಕ್ಷೆಯಲ್ಲಿ ತೋರಿಸುವುದಕ್ಕಿಂತ ಎರಡು ದಿನ ನಡೆದಾಡಲು ಬಿಟ್ಟದ್ದು ಹೆಚ್ಚು ಪರಿಣಾಮಕಾರಿಯಾಯಿತು. 1992ರಲ್ಲಿ ಈ ಬೀದಿಗೆ ಹಗಲು ಹೊತ್ತಿನಲ್ಲಿ ಖಾಸಗಿ ಕಾರುಗಳ ಸಂಚಾರವನ್ನು ನಿಷೇಧಿಸಿ, ಟ್ರಾಮ್ ಮತ್ತು ಪಾದಚಾರಿಗಳಿಗೆ ಬಿಟ್ಟುಕೊಡಲಾಯಿತು. ಬರ್ಕ್ ಸ್ಟ್ರೀಟ್‌ನ ಒಂದು ಭಾಗ ಅದಕ್ಕೂ ಮೊದಲೇ ಟ್ರಾಮ್ ಮತ್ತು ಪಾದಚಾರಿಗಳಿಗೆ ಮಾತ್ರ ಮೀಸಲಾಗಿತ್ತು.

ಪಾದಚಾರಿ ಮಾರ್ಗಗಳನ್ನು ಅಗಲಗೊಳಿಸಿ, ಸ್ಥಳೀಯವಾಗಿ ದೊರೆಯುವ ‘ಬ್ಲೂಸ್ಟೋನ್’ ಎಂಬ ಕಪ್ಪುಬೂದು ಬಣ್ಣದ ಅಗ್ನಿಶಿಲೆಯನ್ನು ಹಾಸಲಾಯಿತು. ಬೆಲೆ ಹೆಚ್ಚಾದರೂ ಬಾಳಿಕೆ ದೀರ್ಘ. ಒಂದೇ ಬಾರಿಗೆ ಇಡೀ ನಗರಕ್ಕೆ ಹಾಸಲು ಹೋಗದೆ ವರ್ಷಕ್ಕೆ ಇಷ್ಟಿಷ್ಟು ಎಂದು ಮಾಡುತ್ತ ಬಂದುದರಿಂದ ಖರ್ಚು ನಿಭಾಯಿಸಲು ಸಾಧ್ಯವಾಯಿತು. ಬೆಂಚು, ಕಸದ ಬುಟ್ಟಿ, ಹೂವಿನ ಗೂಡಂಗಡಿ ಇವೆಲ್ಲವನ್ನೂ ನಗರಾಡಳಿತದ ವಿನ್ಯಾಸಕಾರರೇ ರೂಪಿಸಿದರು. ಮುಖ್ಯ ಅಂಗಡಿಬೀದಿಗಳಲ್ಲಿ ಕಟ್ಟಡದ ನೆಲಮಹಡಿಯ ಮುಂಭಾಗದ ಬಹುಪಾಲು ಬಾಗಿಲು ಅಥವಾ ಪ್ರದರ್ಶನದ ಕಿಟಕಿಯಾಗಿರಬೇಕೆಂಬ ನಿಯಮವನ್ನು ಯೋಜನಾ ನಿಬಂಧನೆಗಳಲ್ಲಿ ಸೇರಿಸಲಾಯಿತು. ಕುರುಡು ಗೋಡೆಯ ಪಕ್ಕ ರಾತ್ರಿ ಒಬ್ಬರೇ ನಡೆಯುವುದಕ್ಕೂ ಬೆಳಕಿರುವ ಅಂಗಡಿಗಳ ಎದುರು ನಡೆಯುವುದಕ್ಕೂ ಇರುವ ವ್ಯತ್ಯಾಸವನ್ನು ಹೆಂಗಸರಿಗೆ ವಿವರಿಸಬೇಕಾಗಿಲ್ಲ.

1991ರಲ್ಲಿ ಒಳಮುಖವಾಗಿ ಕಟ್ಟಿದ ಮೆಲ್ಬರ್ನ್ ಸೆಂಟ್ರಲ್ ಎಂಬ ಬೃಹತ್ ಮಳಿಗೆಯನ್ನು 2005ರ ಸುಮಾರಿಗೆ ಸೀಳಿ, ಅದರೊಳಗೆ ಓಣಿಗಳನ್ನು ಬಿಡಿಸಿ ಬೀದಿಗೆ ತೆರೆಯಲಾಯಿತು. ಖಾಸಗಿ ಮಾಲೀಕರೂ ಓಣಿಯ ಲಾಭವನ್ನು ಕಂಡುಕೊಂಡಿದ್ದರೆಂಬುದಕ್ಕೆ ಇದು ನಿದರ್ಶನ. 2002ರ ಅಕ್ಟೋಬರ್‌ನಲ್ಲಿ ಫ್ಲಿಂಡರ್ಸ್ ಸ್ಟ್ರೀಟ್ ರೈಲು ನಿಲ್ದಾಣದ ಎದುರು ಫೆಡರೇಶನ್ ಸ್ಕ್ವೇರ್ ತೆರೆಯಿತು. ಅದರ ರೂಪದ ಬಗ್ಗೆ ಜಗಳ ಬಹುಕಾಲ ನಡೆದರೂ ಜನ ಸೇರುವ ಬಯಲೊಂದು ನಗರಕ್ಕೆ ದೊರಕಿತು. ಹೋಸಿಯರ್ ಲೇನ್‌ನ ಗೋಡೆಚಿತ್ರಗಳು ಇಂದು ಪ್ರವಾಸಿ ಆಕರ್ಷಣೆ.

ಎಣಿಕೆ

ಡೆನ್ಮಾರ್ಕಿನ ವಾಸ್ತುಶಿಲ್ಪಿ ಯಾನ್ ಗೆಲ್ ಅವರ ನೆರವಿನಿಂದ ನಗರಾಡಳಿತ 1993ರಲ್ಲಿ ಬೀದಿಗಳಲ್ಲಿ ನಡೆಯುವವರನ್ನೂ ಕುಳಿತವರನ್ನೂ ಎಣಿಸಿ, ಮರುವರ್ಷ ವರದಿಯನ್ನು ಪ್ರಕಟಿಸಿತು. ಹತ್ತು ವರ್ಷಗಳ ತರುವಾಯ ಅದೇ ಸ್ಥಳಗಳಲ್ಲಿ ಮತ್ತೆ ಎಣಿಸಲಾಯಿತು. 2004ರ ವರದಿಯಂತೆ ವಾರದ ದಿನಗಳಲ್ಲಿ ಹಗಲಿನ ಪಾದಚಾರಿಗಳು ಶೇ. 39ರಷ್ಟು ಹೆಚ್ಚಿದ್ದರೆ, ಸಂಜೆಯ ಪಾದಚಾರಿಗಳು ಹೆಚ್ಚುಕಡಿಮೆ ಇಮ್ಮಡಿಯಾಗಿದ್ದರು. ಹೊರಗೆ ಆಸನಗಳನ್ನಿಟ್ಟ ಕೆಫೆಗಳ ಸಂಖ್ಯೆ 95ರಿಂದ 356ಕ್ಕೆ ಏರಿತ್ತು. ವಾಹನಗಳನ್ನು ಎಲ್ಲ ನಗರಗಳೂ ಎಣಿಸುತ್ತವೆ, ಕಾಲ್ನಡಿಗೆಯವರನ್ನು ಎಣಿಸುವವರು ವಿರಳ. ಎಣಿಸದವರಿಗಾಗಿ ರಸ್ತೆ ಅಗಲವಾಗುವುದೂ ಇಲ್ಲ. 2009ರಿಂದ ಈಚೆಗೆ ಮೆಲ್ಬರ್ನ್‌ನಲ್ಲಿ ಸಂವೇದಕ ಯಂತ್ರಗಳು ಹಗಲೂ ರಾತ್ರಿ ಪಾದಚಾರಿಗಳನ್ನು ಎಣಿಸುತ್ತಿದ್ದು, ಅಂಕಿಅಂಶಗಳು ಸಾರ್ವಜನಿಕರಿಗೆ ಮುಕ್ತವಾಗಿವೆ.

ಸದ್ದಿನ ತಕರಾರು

ಯಶಸ್ಸೇ ಹೊಸ ಜಗಳವನ್ನು ತಂದಿತು. ಸಂಗೀತ, ಹರಟೆಗಳಿಂದ ಆಕರ್ಷಿತರಾಗಿ ನಗರದಲ್ಲಿ ಮನೆ ಕೊಂಡವರು ಮಲಗುವ ಹೊತ್ತಿಗೆ ಅದೇ ಸದ್ದಿನ ವಿರುದ್ಧ ದೂರು ಕೊಡತೊಡಗಿದರು. ಹಳೆಯ ನಿಯಮದಂತೆ, ದಶಕಗಳಿಂದ ನಡೆಯುತ್ತಿದ್ದ ಸಂಗೀತದ ಮಳಿಗೆಯ ಪಕ್ಕ ನಿನ್ನೆ ಕಟ್ಟಿದ ಮನೆಯವನು ದೂರಿದರೂ ಸದ್ದು ತಡೆಯುವ ಖರ್ಚು ಮಳಿಗೆಯ ಮೇಲೆ ಬೀಳುತ್ತಿತ್ತು.

ಇದರ ನಡುವೆ 2008ರಲ್ಲಿ ರಾತ್ರಿ ಹಿಂಸೆಯನ್ನು ತಡೆಯಲು, ಎರಡು ಗಂಟೆಯ ನಂತರ ಬಾರ್‌ಗಳಿಗೆ ಹೊಸದಾಗಿ ಪ್ರವೇಶವಿಲ್ಲವೆಂಬ ನಿಯಮವನ್ನು ಸರ್ಕಾರ ಮೂರು ತಿಂಗಳು ಪ್ರಯೋಗಿಸಿ ಕೈಬಿಟ್ಟಿತು. 2010ರ ಜನವರಿಯಲ್ಲಿ, ನಗರದ ಅಂಚಿನ ಕಾಲಿಂಗ್‌ವುಡ್‌ನಲ್ಲಿದ್ದ ‘ಟೋಟ್’ ಎಂಬ ಸಂಗೀತದ ಪಬ್ ಪರವಾನಗಿಯ ಕಠಿಣ ಷರತ್ತುಗಳಿಂದಾಗಿ ಮುಚ್ಚಿತು. ಅದರ ಮರುತಿಂಗಳು ಸಂಗೀತಗಾರರೂ ಕೇಳುಗರೂ ಸಾವಿರಾರು ಸಂಖ್ಯೆಯಲ್ಲಿ ನಗರದಲ್ಲಿ ಮೆರವಣಿಗೆ ನಡೆಸಿದರು. ಟೋಟ್ ಅದೇ ವರ್ಷ ಹೊಸ ಆಡಳಿತದಲ್ಲಿ ಮತ್ತೆ ತೆರೆಯಿತು. ಈ ಒತ್ತಾಯದ ಫಲವಾಗಿ 2014ರಲ್ಲಿ ಯೋಜನಾ ನಿಯಮಗಳಲ್ಲಿ ಹೊಸ ತತ್ತ್ವವೊಂದು ಸೇರಿತು: ಬದಲಾವಣೆಯನ್ನು ತರುವವನೇ ಅದರ ಪರಿಣಾಮಕ್ಕೆ ಹೊಣೆ. ಸಂಗೀತದ ಮಳಿಗೆಯ ಬಳಿ ಮನೆ ಕಟ್ಟುವವನು ತನ್ನ ಕಿಟಕಿಗೆ ದಪ್ಪ ಗಾಜನ್ನು ತಾನೇ ಹಾಕಿಸಬೇಕು. ಮನೆಗಳ ನಡುವೆ ಹೊಸದಾಗಿ ಸಂಗೀತ ಆರಂಭಿಸುವವನು ಸದ್ದನ್ನು ತಾನೇ ತಡೆಯಬೇಕು.

ರಾತ್ರಿ ದುಡಿಯುವವರು ಮತ್ತು ಮನೆಗೆ ಮರಳುವ ದಾರಿ

ನಗರಕೇಂದ್ರದ ಬೆಳಕಿನ ಬೀದಿಗಳು ಎಷ್ಟೇ ಸುರಕ್ಷಿತವಾಗಿದ್ದರೂ ರಾತ್ರಿ ಅಲ್ಲಿಂದ ಹೊರಡುವವರ ಪಾಡು ಬೇರೆ. ಈ ವಿಷಯದಲ್ಲಿ ಭಾರತೀಯರ ಅನುಭವವೂ ಸೇರಿಕೊಂಡಿದೆ. 2008ರ ಏಪ್ರಿಲ್‌ನಲ್ಲಿ ಟ್ಯಾಕ್ಸಿ ಚಾಲಕನೊಬ್ಬನನ್ನು ಇರಿದ ಘಟನೆಯ ನಂತರ, ಬಹುಪಾಲು ಭಾರತೀಯರಾಗಿದ್ದ ಚಾಲಕರು ಫ್ಲಿಂಡರ್ಸ್ ಸ್ಟ್ರೀಟ್ ನಿಲ್ದಾಣದೆದುರಿನ ವೃತ್ತದಲ್ಲಿ ರಾತ್ರಿಯಿಡೀ ಧರಣಿ ಕುಳಿತು ರಸ್ತೆ ತಡೆದರು. ಚಾಲಕರ ಆಸನಕ್ಕೆ ರಕ್ಷಣಾ ಪರದೆ ಅಳವಡಿಸಲು ಸರ್ಕಾರ ಒಪ್ಪಿತು. 2009ರಲ್ಲಿ ಭಾರತೀಯ ವಿದ್ಯಾರ್ಥಿಗಳ ಮೇಲೆ ನಡೆದ ಹಲ್ಲೆಗಳು ನಮ್ಮ ಪತ್ರಿಕೆಗಳಲ್ಲೂ ದೊಡ್ಡ ಸುದ್ದಿಯಾದವು. ಓದಿನ ಜೊತೆಗೆ ಅಂಗಡಿ, ಹೋಟೆಲುಗಳಲ್ಲಿ ದುಡಿದು ಕಡು ರಾತ್ರಿ ರೈಲಿನಲ್ಲಿ ದೂರದ ಉಪನಗರಗಳಿಗೆ ಮರಳುತ್ತಿದ್ದವರೇ ಬಲಿಪಶುಗಳಲ್ಲಿ ಅನೇಕರು. ಅದೇ ವರ್ಷ ಮೇ 31ರಂದು ಸಾವಿರಾರು ವಿದ್ಯಾರ್ಥಿಗಳು ನಗರದಲ್ಲಿ ಪ್ರತಿಭಟನೆ ನಡೆಸಿದರು.

2012ರಿಂದ ರೈಲು ನಿಲ್ದಾಣಗಳಲ್ಲಿ ಸಂಜೆ ಆರರಿಂದ ಕೊನೆಯ ರೈಲಿನವರೆಗೆ ಸಶಸ್ತ್ರ ರಕ್ಷಣಾಧಿಕಾರಿಗಳನ್ನು ಹಂತಹಂತವಾಗಿ ನೇಮಿಸಲಾಯಿತು. 2016ರ ಜನವರಿ 1ರಿಂದ ಶುಕ್ರವಾರ ಮತ್ತು ಶನಿವಾರ ರಾತ್ರಿಯಿಡೀ ರೈಲು, ಟ್ರಾಮ್ ಮತ್ತು ಬಸ್ಸುಗಳನ್ನು ಓಡಿಸುವ ವ್ಯವಸ್ಥೆ ಬಂದಿತು. ಪೆಟ್ಟು ಬಿದ್ದ ಮೇಲೆ ಬಂದ ವ್ಯವಸ್ಥೆಗಳಿವು. ಬಾರ್‌ಗಳಿಗೆ ರಾತ್ರಿಯ ಪರವಾನಗಿ ದೊರೆತ ಎಷ್ಟೋ ವರ್ಷಗಳ ನಂತರ ಅಲ್ಲಿಂದ ಮರಳುವ ಬಂಡಿ ಬಂದಿತು. ವಾರದ ಉಳಿದ ದಿನಗಳಲ್ಲಿ ಪಾತ್ರೆ ತೊಳೆದು, ಕಚೇರಿ ಗುಡಿಸಿ ಮನೆಗೆ ಹೋಗುವವರಿಗೆ ಇದರಿಂದ ಹೆಚ್ಚಿನ ಪ್ರಯೋಜನವಿರಲಿಲ್ಲ.

2018ರ ಜೂನ್‌ನಲ್ಲಿ ನಗರಕೇಂದ್ರದ ಬಾರೊಂದರಲ್ಲಿ ಹಾಸ್ಯ ಕಾರ್ಯಕ್ರಮ ನೀಡಿ ನಡೆದುಕೊಂಡು ಮನೆಗೆ ಹೋಗುತ್ತಿದ್ದ ಯುವ ಕಲಾವಿದೆಯೊಬ್ಬಳು ಉತ್ತರದ ಪ್ರಿನ್ಸಸ್ ಪಾರ್ಕ್‌ನಲ್ಲಿ ಕೊಲೆಯಾದಳು. ಜನರು ತಮ್ಮ ಸುರಕ್ಷತೆಯ ಬಗ್ಗೆ ಎಚ್ಚರದಿಂದಿರಬೇಕೆಂಬ ಪೊಲೀಸರ ಸಲಹೆಗೆ ತೀವ್ರ ವಿರೋಧ ವ್ಯಕ್ತವಾಗಿ, ಸಾವಿರಾರು ಜನ ಆ ಉದ್ಯಾನದಲ್ಲಿ ದೀಪ ಹಿಡಿದು ಸೇರಿದರು. ವಾಹನಗಳ ಅಪಾಯ ಬೇರೆಯದು. 2017ರ ಜನವರಿಯಲ್ಲಿ ಬರ್ಕ್ ಸ್ಟ್ರೀಟ್‌ನ ಪಾದಚಾರಿಗಳ ಮೇಲೆ ಒಬ್ಬ ಕಾರು ನುಗ್ಗಿಸಿ ಆರು ಮಂದಿಯನ್ನು ಕೊಂದ ಬಳಿಕ ಜನನಿಬಿಡ ಸ್ಥಳಗಳಲ್ಲಿ ತಡೆಗಂಬಗಳನ್ನು ನೆಡಲಾಯಿತು.

ಟೀಕೆಗಳು

ಮೊದಮೊದಲು ಹಳೆಯ ಕಟ್ಟಡಗಳ ಮರುಬಳಕೆಯಾಗಿದ್ದ ವಸತಿ ನೀತಿ ಮುಂದೆ ಗಗನಚುಂಬಿ ಗೋಪುರಗಳ ಭರಾಟೆಯಾಗಿ ಬದಲಾಯಿತು. ನೇರವಾಗಿ ಹೊರಗೆ ತೆರೆಯುವ ಕಿಟಕಿಯೇ ಇಲ್ಲದ ಮಲಗುವ ಕೋಣೆಗಳು, ಒಂದಕ್ಕೊಂದು ಒತ್ತಿಕೊಂಡ ಕಟ್ಟಡಗಳು ಟೀಕೆಗೆ ಗುರಿಯಾದವು. ನಿವೇಶನದ ವಿಸ್ತೀರ್ಣಕ್ಕೆ ಅನುಗುಣವಾಗಿ ಕಟ್ಟಡದ ಒಟ್ಟು ನೆಲಹರವಿಗೆ ಮಿತಿ ಬಂದದ್ದು 2016ರಲ್ಲಿ. ಮನೆಗಳ ಗಾಳಿ ಬೆಳಕಿನ ಮಾನದಂಡ ಬಂದದ್ದು 2017ರಲ್ಲಿ. ಅಷ್ಟರೊಳಗೆ ಬಹಳಷ್ಟು ಕಟ್ಟಿಯಾಗಿತ್ತು. ಓಣಿಗಳ ಖ್ಯಾತಿಯಿಂದ ಬಾಡಿಗೆ ಏರಿ, ಅಗ್ಗದ ಬಾಡಿಗೆಯನ್ನು ನೆಚ್ಚಿ ಬಂದ ಕಲಾವಿದರೂ ಸಣ್ಣ ಮಳಿಗೆಯವರೂ ಹೊರಹೋಗಬೇಕಾಗುತ್ತಿದೆ ಎಂಬ ದೂರೂ ಇದೆ. ಬೀದಿಯಲ್ಲೇ ಮಲಗುವ ನಿರ್ಗತಿಕರನ್ನು ಕುರಿತ ವಿವಾದ ಆಗಾಗ ಎದ್ದಿದೆ.

ಕೋವಿಡ್ ಮತ್ತು ಅನಂತರ

2020–21ರಲ್ಲಿ ಆರು ಲಾಕ್‌ಡೌನ್‌ಗಳಲ್ಲಿ ಒಟ್ಟು 262 ದಿನಗಳನ್ನು ಮೆಲ್ಬರ್ನ್ ಕಳೆಯಿತು. ಅಂಗಡಿಗಳ ಮುಂದಿನ ಕಾರು ನಿಲುಗಡೆಯ ಜಾಗದಲ್ಲಿ ಮೇಜು ಹಾಕಲು ಹೋಟೆಲುಗಳಿಗೆ ಅನುಮತಿ ದೊರೆತದ್ದು ಈ ಅವಧಿಯಲ್ಲಿ. ಮನೆಯಿಂದಲೇ ಕೆಲಸ ಮಾಡುವ ರೂಢಿ ಉಳಿದುಕೊಂಡುದರಿಂದ ಸಮಸ್ಯೆ ತಲೆಕೆಳಗಾಯಿತು: ವಾರಾಂತ್ಯದ ಸಂಜೆಗಳು ಬೇಗ ಚೇತರಿಸಿಕೊಂಡವು, ಸೋಮವಾರ ಹಾಗೂ ಶುಕ್ರವಾರದ ಮಧ್ಯಾಹ್ನಗಳು ಬಡವಾದವು. ಕಚೇರಿ ನೌಕರರ ಮಧ್ಯಾಹ್ನದ ಊಟವನ್ನೇ ನಂಬಿದ್ದ ಮಳಿಗೆಗಳಿಗೆ ನಷ್ಟವಾಯಿತು.

ಇತರ ನಗರಗಳಲ್ಲಿ

ನೆರೆಯ ಸಿಡ್ನಿಯು ಮೆಲ್ಬರ್ನ್‌ನ ಮಾದರಿಯನ್ನು ಮೆಚ್ಚಿ 2008ರಲ್ಲಿ ಸಣ್ಣ ಬಾರ್‌ಗಳ ಪರವಾನಗಿಯನ್ನು ಸರಳಗೊಳಿಸಿತು. ಆದರೆ 2014ರಲ್ಲಿ ಹಿಂಸೆಯ ಪ್ರಕರಣಗಳ ಹಿನ್ನೆಲೆಯಲ್ಲಿ ರಾತ್ರಿ 1.30ರ ನಂತರ ಹೊಸ ಪ್ರವೇಶವಿಲ್ಲವೆಂಬ ನಿಯಮವನ್ನು ಹೇರಿತು. ನಗರಕೇಂದ್ರದಲ್ಲಿ 2020ರವರೆಗೂ ಜಾರಿಯಲ್ಲಿದ್ದ ಈ ನಿಯಮದಿಂದ ಹಲ್ಲೆಗಳು ತಗ್ಗಿದವೆಂದು ಒಂದು ಪಕ್ಷ, ನಗರದ ಸಂಗೀತವೇ ಸತ್ತಿತೆಂದು ಇನ್ನೊಂದು ಪಕ್ಷ ವಾದಿಸಿದವು.

ಬೆಂಗಳೂರಿನಲ್ಲಿ ಇಂತಹ ಪ್ರಯತ್ನ ಸ್ಪಷ್ಟವಾಗಿ ಕಾಣುವುದು ಮಹಾತ್ಮ ಗಾಂಧಿ ರಸ್ತೆಗೆ ಸಮಾನಾಂತರವಾಗಿರುವ ಚರ್ಚ್ ಸ್ಟ್ರೀಟ್‌ನಲ್ಲಿ. 2018ರಲ್ಲಿ ಕಲ್ಲುಹಾಸಿನೊಂದಿಗೆ ನವೀಕರಣಗೊಂಡ ಈ ಬೀದಿಯಲ್ಲಿ 2020ರ ನವೆಂಬರ್‌ನಿಂದ ಕೆಲವು ತಿಂಗಳು ವಾರಾಂತ್ಯಗಳಲ್ಲಿ ವಾಹನ ಸಂಚಾರವನ್ನು ನಿಲ್ಲಿಸಿ ಪಾದಚಾರಿಗಳಿಗೆ ಮಾತ್ರ ಅವಕಾಶ ನೀಡಲಾಗಿತ್ತು. 2021ರ ಜನವರಿಯಲ್ಲಿ ಕರ್ನಾಟಕ ಸರ್ಕಾರವು ಹತ್ತು ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳು ದಿನದ 24 ಗಂಟೆಯೂ ತೆರೆದಿರಲು ಅನುಮತಿಸಿ ಅಧಿಸೂಚನೆ ಹೊರಡಿಸಿತು. ಮೆಲ್ಬರ್ನ್‌ನ ಓಣಿಗಳಲ್ಲಿ ಮೊದಲು ಬೇರೂರಿದವು ಇದಕ್ಕಿಂತ ಚಿಕ್ಕ ಮಳಿಗೆಗಳೆಂಬುದು ಇಲ್ಲಿ ಗಮನಾರ್ಹ.